ಅಳಿಸಬೇಡಿ

ನಮ್ಮ ಮನೆಯ ಅಟ್ಟದಲ್ಲಿ ಒಂದು ವಿಡಿಯೋ ಕ್ಯಾಸೆಟ್ ಇದೆ. ಅದರ ಬೆನ್ನಿನ ಮೇಲೆ ಅಮ್ಮನ ದುಂಡು ಅಕ್ಷರದಲ್ಲಿ, ನೀಲಿ ಇಂಕಿನಲ್ಲಿ, ‘ಹಾಡು – ಅಳಿಸಬೇಡಿ’ ಎಂದು ಬರೆದಿದೆ. ಒಳಗಿರುವುದು ಮಾತ್ರ ಹಾಡಲ್ಲ, ಕ್ರಿಕೆಟ್ಟು. 1987ರ ನವೆಂಬರ್ 5ರಂದು ಮುಂಬಯಿಯಲ್ಲಿ ನಡೆದ ವಿಶ್ವಕಪ್ಪಿನ ಸೆಮಿಫೈನಲ್. ಇಂಗ್ಲೆಂಡಿನ ಗೂಚ್ ಎಂಬ ಮಹರಾಯ ಸ್ವೀಪ್ ಮಾಡಿ ಮಾಡಿಯೇ 115 ರನ್ ಹೊಡೆದ. ನಮ್ಮ ಗಾವಸ್ಕರ್ ನಾಲ್ಕೇ ರನ್ನಿಗೆ ಔಟಾದರು. ನಾವು 35 ರನ್ನುಗಳಿಂದ ಸೋತೆವು. ಗೆದ್ದಿದ್ದರೆ ಅದೊಂದು ಮಾತು. ಸೋತ ಆಟಕ್ಕಾಗಿ ನಮ್ಮಣ್ಣ ಅಮ್ಮನ ಹಾಡನ್ನು ಅಳಿಸಿಬಿಟ್ಟಿದ್ದ!

ಅದಕ್ಕೆ ಎರಡು ವರ್ಷ ಮುಂಚೆ ಅಮ್ಮ ಮತ್ತು ನಮ್ಮ ಬೀದಿಯ ಇನ್ನು ಮೂವರು ಹೆಂಗಸರು ಟಿವಿಯಲ್ಲಿ ಸಂಪ್ರದಾಯದ ಹಾಡು ಹಾಡಿದ್ದರು. ಹಸೆ ಹಾಡು, ಆರತಿ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು. ತುಮಕೂರಿನ ನಮ್ಮ ಬೀದಿಗೆ ಬೀದಿಯೇ ಅವತ್ತು ಟಿವಿ ಇದ್ದ ಮನೆಗಳಲ್ಲಿ ಸೇರಿತ್ತು. ಒಬ್ಬರು ಮಹಡಿ ಹತ್ತಿ ಆಂಟೆನಾ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬರು ‘ಬಂತು, ಬಂತು... ಹೋಯ್ತು’ ಎಂದು ಕೂಗುವುದು. ಎದುರುಮನೆಯ ವಕೀಲರ ಮನೆಯಲ್ಲಿ ವಿಸಿಆರ್ ಇತ್ತು. ಅಮ್ಮ ಸಾಸಿವೆ ಡಬ್ಬಿಯ ದುಡ್ಡಿನಿಂದ ಖಾಲಿ ಕ್ಯಾಸೆಟ್ ತರಿಸಿ ಅವರ ಕೈಲಿ ರೆಕಾರ್ಡ್ ಮಾಡಿಸಿಕೊಂಡಿದ್ದಳು. ಆಮೇಲೆ ಮಸ್ಕತ್ತಿನಿಂದ ಮಾವ ನಮ್ಮ ಮನೆಗೂ ಒಂದು ವಿಸಿಆರ್ ತಂದುಕೊಟ್ಟರು. ಸೆಮಿಫೈನಲ್ ದಿನ ಅಣ್ಣನಿಗೆ ಖಾಲಿ ಕ್ಯಾಸೆಟ್ ಸಿಗಲಿಲ್ಲ. ಉಳಿದದ್ದು ನಿಮಗೇ ಗೊತ್ತು.

ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೊಂದು ರೆಕಾರ್ಡ್ ಆಗುವುದಿಲ್ಲ. ಅಮ್ಮನಿಗೆ ಅದು ತಿಳಿದಿರಲಿಲ್ಲ. ಪೆನ್ನಿನಲ್ಲಿ ಬರೆದರೆ ಸಾಕು, ಮನೆಯವರು ಓದುತ್ತಾರೆ ಅಂದುಕೊಂಡಿದ್ದಳು. ಹಾಡು ಹೋದದ್ದು ಗೊತ್ತಾದಾಗ ರಂಪ ಮಾಡಲಿಲ್ಲ. ‘ಹೋಗ್ಲಿ ಬಿಡು, ಹಾಡೋಳು ಇನ್ನೂ ಇದೀನಲ್ಲ’ ಎಂದಳು. 2009ರಲ್ಲಿ ಹಾಡುವವಳೂ ಹೋದಳು. ಫೋಟೋಗಳು ರಾಶಿ ಇವೆ. ದನಿ ಮಾತ್ರ ಎಲ್ಲಿಯೂ ಇರಲಿಲ್ಲ.

ಇದು ನನ್ನ ಮನೆಯ ಸಂಕಟ, ಲೋಕಕ್ಕೇನು ಎಂದು ಸುಮ್ಮನಿದ್ದೆ. 2013ರ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಪೇಪರು ತಿರುವುತ್ತಿದ್ದಾಗ ಒಂದು ಸುದ್ದಿ ಕಣ್ಣಿಗೆ ಬಿತ್ತು. ಬ್ರಿಟನ್ನಿನ ಬಿಬಿಸಿಯವರು 1960ರ ದಶಕದಲ್ಲಿ ಮಾಡಿ, ಆಮೇಲೆ ಕಳೆದುಕೊಂಡಿದ್ದ ಧಾರಾವಾಹಿಯೊಂದರ ಒಂಬತ್ತು ಕಂತುಗಳು ಆಫ್ರಿಕದ ನೈಜೀರಿಯದಲ್ಲಿ ಸಿಕ್ಕಿವೆ ಎಂದು. ಕಳೆದುಕೊಂಡದ್ದು ಹೇಗೆ ಎಂದು ಓದಿದರೆ, ನಮ್ಮಣ್ಣ ಮಾಡಿದ ಕೆಲಸವನ್ನೇ ಅಷ್ಟು ದೊಡ್ಡ ಸಂಸ್ಥೆಯವರೂ ಮಾಡಿದ್ದರು! ಅಂದಿನಿಂದ ಈ ವಿಷಯದ ಬೆನ್ನು ಹತ್ತಿದೆ. ಸಿಕ್ಕಿದ್ದನ್ನೆಲ್ಲ ಓದಿದೆ.

ಮೊದಮೊದಲು ಟಿವಿ ಕಾರ್ಯಕ್ರಮಗಳೆಲ್ಲ ನೇರ ಪ್ರಸಾರವೇ. ನಾಟಕದಂತೆ ಆಡಿದರೆ ಆಯಿತು, ಮುಗಿಯಿತು. 1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ವಿಡಿಯೋ ಟೇಪಿನ ಯಂತ್ರ ಹೊರತಂದಿತು. ಆ ಟೇಪು ಎರಡು ಅಂಗುಲ ಅಗಲ, ಬಲು ದುಬಾರಿ. ಆದರೆ ಒಂದು ಗುಣ, ಸ್ಲೇಟಿನಂತೆ ಒರೆಸಿ ಮತ್ತೆ ಮತ್ತೆ ಉಪಯೋಗಿಸಬಹುದು. ನಟರ ಸಂಘದವರೊಡನೆ ಮಾಡಿಕೊಂಡ ಒಪ್ಪಂದದ ಪ್ರಕಾರ ಒಂದು ಕಾರ್ಯಕ್ರಮವನ್ನು ಬೇಕಾದಷ್ಟು ಸಲ ಮರುಪ್ರಸಾರ ಮಾಡುವಂತಿರಲಿಲ್ಲ. ಅಷ್ಟರಲ್ಲಿ ಬಣ್ಣದ ಟಿವಿ ಬಂತು. ಕಪ್ಪು ಬಿಳುಪು ಇನ್ನು ಯಾರಿಗೆ ಬೇಕು? ಮನೆಯಲ್ಲೇ ವಿಡಿಯೋ ನೋಡುವ ಕಾಲ ಬರುತ್ತದೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಹೀಗಾಗಿ ಒರೆಸಿದರು.

‘ಡಾಕ್ಟರ್ ಹೂ’ ಎಂಬ ಧಾರಾವಾಹಿ ಅಲ್ಲಿಯ ಮಕ್ಕಳಿಗೆ ಪ್ರಾಣ. 1963ರ ನವೆಂಬರಿನಲ್ಲಿ ಶುರುವಾಯಿತು. ಅದರ ಮೊದಲ ಆರು ವರ್ಷಗಳ 253 ಕಂತುಗಳ ಮೂಲ ಟೇಪುಗಳನ್ನೆಲ್ಲ ಒರೆಸಿಬಿಟ್ಟಿದ್ದರು. ಹೊರದೇಶಗಳಿಗೆ ಮಾರಲು ಅವನ್ನು 16 ಮಿಲಿಮೀಟರ್ ಫಿಲ್ಮಿಗೆ ಇಳಿಸಿಟ್ಟುಕೊಂಡಿದ್ದರಲ್ಲ, ಮಾರಾಟದ ಅವಧಿ ಮುಗಿದ ಮೇಲೆ ಅದನ್ನೂ ಎಸೆಯತೊಡಗಿದರು. ಇಲ್ಲೊಂದು ತಮಾಷೆ ಕೇಳಿ. ಗ್ರಂಥಾಲಯದವರು ಇಟ್ಟುಕೊಂಡಿರುತ್ತಾರೆ ಎಂದು ಮಾರಾಟ ವಿಭಾಗದವರು ತಿಳಿದಿದ್ದರು. ಟೇಪು ಕಾಯುವುದು ನಮ್ಮ ಕೆಲಸವಲ್ಲ ಎಂದು ಗ್ರಂಥಾಲಯದವರು ಇದ್ದರು. ಒಲೆಯ ಮೇಲೆ ಹಾಲಿಟ್ಟು ಓರಗಿತ್ತಿ ನೋಡಿಕೊಳ್ಳುತ್ತಾಳೆ ಎಂದು ಇವಳು, ಇವಳು ನೋಡಿಕೊಳ್ಳುತ್ತಾಳೆ ಎಂದು ಅವಳು ಇದ್ದ ಹಾಗೆ. ಹಾಲು ಉಕ್ಕಿ ಒಲೆ ಆರಿತು.

ಒಲೆ ಒರೆಸಲು ಬಂದವಳು ಒಬ್ಬ ಹೆಂಗಸು, ಸ್ಯೂ ಮಾಲ್ಡೆನ್. 1970ರ ದಶಕದ ಕೊನೆಗೆ ಬಿಬಿಸಿಯವರು, ಯಾವುದನ್ನು ಉಳಿಸಬೇಕು ಎಂದು ಆರಿಸುವುದಕ್ಕೆಂದೇ ಒಂದು ಹುದ್ದೆ ಮಾಡಿ ಆಕೆಯನ್ನು ಅಲ್ಲಿ ಕೂರಿಸಿದರು. ಆಕೆ ಮಾಡಿದ ಮೊದಲ ಕೆಲಸಗಳಲ್ಲೊಂದು ಇರುವುದನ್ನು, ಇಲ್ಲದ್ದನ್ನು ಎಣಿಸುವುದು. ಎಲ್ಲ ಕಾರ್ಯಕ್ರಮಗಳನ್ನೂ ಒಟ್ಟಿಗೆ ಎಣಿಸಲಾದೀತೇ? ಉದಾಹರಣೆಗೆಂದು ‘ಡಾಕ್ಟರ್ ಹೂ’ ಒಂದನ್ನೇ ಹಿಡಿದು, ಯಾವ ಕಂತು ಯಾವಾಗ, ಯಾರ ಅಪ್ಪಣೆಯಿಂದ ಒರೆಸಿ ಹೋಯಿತು ಎಂದು ಕಾಗದಪತ್ರ ಬಿಚ್ಚಿ ನೋಡಿದರು. ಹುಡುಕುವ ವಿದ್ಯೆಯ ಮೊದಲ ಪಾಠ ಇದೇ ಎಂದು ನನಗೆ ತೋರುತ್ತದೆ. ಕಳೆದುಹೋದದ್ದು ಏನೆಂದು ಪಟ್ಟಿ ಮಾಡದೆ ಹುಡುಕಲು ಬರುವುದಿಲ್ಲ.

ಪಟ್ಟಿ ಕೈಗೆ ಬಂದ ಮೇಲೆ ಹುಡುಕುವುದೆಲ್ಲಿ? ಮೊದಲ ದಾರಿ, ಕೊಂಡವರನ್ನು ಕೇಳುವುದು. ಧಾರಾವಾಹಿ ಮಾರಿದ್ದ ದೇಶಗಳ ಟಿವಿ ಕೇಂದ್ರಗಳಿಗೆ ಕಾಗದ ಬರೆದರು. ಒಂದು ದೇಶದವರು ತೋರಿಸಿ ಮುಗಿಸಿದ ಫಿಲ್ಮನ್ನು ಪಕ್ಕದ ದೇಶಕ್ಕೆ ಕಳಿಸುವ ರೂಢಿಯಿತ್ತು, ನಮ್ಮಲ್ಲಿ ವಾರಪತ್ರಿಕೆ ಮನೆಯಿಂದ ಮನೆಗೆ ಹೋಗುತ್ತಿತ್ತಲ್ಲ ಹಾಗೆ. ಕೊನೆಗೆ ಯಾರ ಮನೆಯಲ್ಲಿ ಉಳಿಯಿತೋ ಅಲ್ಲಿ ಕೇಳಬೇಕು. 1984ರಲ್ಲಿ ನೈಜೀರಿಯದಿಂದ ಕೆಲವು ಕಂತು ಬಂದವು. 1991ರ ಕೊನೆಗೆ ಹಾಂಗ್‌ಕಾಂಗಿನಿಂದ ಒಂದು ಇಡೀ ಕಥೆಯ ನಾಲ್ಕು ಕಂತುಗಳೂ ಬಂದವು.

ಎರಡನೆಯ ದಾರಿ, ಊರಿಗೆಲ್ಲ ಸಾರುವುದು. 1993ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನವರು, ಒರೆಸಿಹೋಗಿವೆ ಎಂದು ನಂಬಿದ್ದ ಕಾರ್ಯಕ್ರಮಗಳಲ್ಲಿ ಸಿಕ್ಕಿದ್ದನ್ನು ಜನರಿಗೆ ತೋರಿಸುವ ಏರ್ಪಾಡು ಶುರುಮಾಡಿದರು. 2001ರಲ್ಲಿ ಬಿಬಿಸಿಯವರೇ ‘ನಿಧಿ ಬೇಟೆ’ ಎಂಬ ಅರ್ಥದ ಹೆಸರಿಟ್ಟು, ನಿಮ್ಮ ಮನೆಗಳಲ್ಲಿ ಹುಡುಕಿ ನೋಡಿ ಎಂದು ಸಾರ್ವಜನಿಕರನ್ನು ಕೇಳಿಕೊಂಡರು. ‘ಡ್ಯಾಡ್ಸ್ ಆರ್ಮಿ’ ಎಂಬ ಹೆಸರಾಂತ ಹಾಸ್ಯ ಧಾರಾವಾಹಿಯ 1969ರ ಎರಡು ಕಂತುಗಳು ಆ ವರ್ಷವೇ ದೊರೆತವು. ಕಸಕ್ಕೆ ಹೋಗಿದ್ದ ಫಿಲ್ಮ್ ಡಬ್ಬಿಗಳನ್ನು ಯಾರೋ ಪುಣ್ಯಾತ್ಮರು ಎತ್ತಿ ತಂದಿಟ್ಟುಕೊಂಡಿದ್ದರು. ಮಕ್ಕಳ ಕಾರ್ಯಕ್ರಮವೊಂದರಲ್ಲಿ 2006ರಲ್ಲಿ ಬಹುಮಾನವನ್ನೂ ಸಾರಿದರು. ‘ಡಾಕ್ಟರ್ ಹೂ’ವಿನ ಕಳೆದ ಕಂತು ತಂದುಕೊಟ್ಟವರಿಗೆ ಆ ಕಥೆಯ ಖಳನಾಯಕ ಯಂತ್ರದ ಆಳೆತ್ತರದ ಬೊಂಬೆ! ಅದರಿಂದ ಒಂದು ಕಂತೂ ಸಿಗಲಿಲ್ಲ.

ಯಾಕೆ ಸಿಗಲಿಲ್ಲ? ನಾನು ಯೋಚಿಸಿದ್ದೇನೆ. ಒಂದು, ತಮ್ಮಲ್ಲಿರುವುದು ಕಳೆದುಹೋದ ವಸ್ತು ಎಂದು ಇಟ್ಟುಕೊಂಡವರಿಗೇ ಗೊತ್ತಿರುವುದಿಲ್ಲ. 1999ರಲ್ಲಿ ನ್ಯೂಜಿಲೆಂಡಿನಲ್ಲಿ ಒಂದು ಕಂತು ಸಿಕ್ಕಿತು. ಹಳೆ ಫಿಲ್ಮುಗಳ ಸಂತೆಯಲ್ಲಿ ಕೊಂಡವರು ಅದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವೆಂದು ತಿಳಿಯದೆ ಇಟ್ಟುಕೊಂಡಿದ್ದರು. ಎರಡು, ಗೊತ್ತಿದ್ದರೂ ಹೇಳಲು ಭಯ. ಬಾಬ್ ಮಂಕ್‌ಹೌಸ್ ಎಂಬ ಬ್ರಿಟನ್ನಿನ ದೊಡ್ಡ ಹಾಸ್ಯಗಾರ ಹಳೆಯ ಫಿಲ್ಮು ಸಂಗ್ರಹಿಸುತ್ತಿದ್ದುದಕ್ಕೆ ಪೊಲೀಸರು ಅವರ ಮೇಲೆ ಮೊಕದ್ದಮೆ ಹೂಡಿದ್ದರು. 1979ರಲ್ಲಿ ನ್ಯಾಯಾಲಯ ಅವರನ್ನು ಬಿಟ್ಟುಬಿಟ್ಟಿತು ನಿಜ, ಆದರೆ ಇದನ್ನು ನೋಡಿದ ಉಳಿದ ಸಂಗ್ರಹಗಾರರು ಬಾಯಿ ಬಿಡುವರೇ? ಅದೇ ಮಂಕ್‌ಹೌಸ್ 2003ರಲ್ಲಿ ತೀರಿಕೊಂಡ ಮೇಲೆ ಅವರ ಮನೆಯಲ್ಲಿದ್ದ ಸಾವಿರಾರು ಟೇಪುಗಳ ನಡುವೆ, ಟಿವಿಯವರೇ ಉಳಿಸಿಕೊಳ್ಳದ ಕಾರ್ಯಕ್ರಮಗಳು ಸಿಕ್ಕವು. ಕದ್ದ ಮಾಲು ಎಂದು ಬೆದರಿಸುವ ಬದಲು ‘ನೀವು ಕಾಪಾಡಿದಿರಿ’ ಎಂದು ಕೈಮುಗಿಯಬೇಕು ಎಂಬುದನ್ನು ಹುಡುಕುವವರು ನಿಧಾನವಾಗಿ ಕಲಿತರು. ನ್ಯೂಜಿಲೆಂಡಿನ ಫಿಲ್ಮನ್ನು ಪ್ರತಿ ಮಾಡಿಕೊಂಡು, ಮೂಲವನ್ನು ಮಾಲೀಕರಿಗೇ ಹಿಂದಿರುಗಿಸಿದರು.

ಹೀಗಾಗಿ ಎಲ್ಲಕ್ಕಿಂತ ಫಲ ಕೊಟ್ಟದ್ದು ಮೂರನೆಯ ದಾರಿ. ಅದು ಹೋಗಿ ಕೂತು ಮಾತಾಡುವುದು. 2011ರಲ್ಲಿ ಎರಡು ಕಂತು ಸಿಕ್ಕವು. ನಿವೃತ್ತ ಟಿವಿ ಎಂಜಿನಿಯರೊಬ್ಬರು 1980ರ ದಶಕದ ಆರಂಭದಲ್ಲಿ ಒಂದು ಮೇಳದಲ್ಲಿ ಅವನ್ನು ಕೊಂಡಿದ್ದರಂತೆ. ಹಳೆ ಫಿಲ್ಮುಗಳ ಬಗ್ಗೆ ಆಸಕ್ತಿಯಿದ್ದ ಇನ್ನೊಬ್ಬರೊಡನೆ ಏನೋ ಮಾತಾಡುತ್ತ, ‘ನನ್ನ ಹತ್ತಿರ ಡಾಕ್ಟರ್ ಹೂದು ಒಂದಿದೆ’ ಎಂಬಂತೆ ಬಾಯಿಗೆ ಬಂದು, ಹೊರಬಿತ್ತು. 2004ರಲ್ಲಿ ಸಿಕ್ಕ ಇನ್ನೊಂದು ಕಂತನ್ನು ಬಿಬಿಸಿಯ ಹಳೆಯ ಎಂಜಿನಿಯರೊಬ್ಬರು ಎಸೆಯಲು ಮನಸ್ಸು ಬಾರದೆ ಮನೆಗೆ ಒಯ್ದಿಟ್ಟುಕೊಂಡಿದ್ದರು. ಲಂಡನ್ನಿನ ಒಂದು ಚರ್ಚಿನ ನೆಲಮಾಳಿಗೆಯಲ್ಲೂ 1983ರಲ್ಲಿ ಎರಡು ಸಿಕ್ಕಿವೆ. ಅಲ್ಲಿಗೆ ಹೇಗೆ ಹೋದವೋ ದೇವರೇ ಬಲ್ಲ.

ನಾನು ಪೇಪರಿನಲ್ಲಿ ಓದಿದ ನೈಜೀರಿಯದ ಕಥೆಯೂ ಇದೇ ಜಾತಿಯದು. ಫಿಲಿಪ್ ಮಾರಿಸ್ ಎಂಬಾತ ಕಾಗದ ಬರೆದು ಕಾಯುವುದನ್ನು ಬಿಟ್ಟು ತಾನೇ ಹೊರಟ. ಜೋಸ್ ಎಂಬ ಊರಿನ ಟಿವಿ ಮರುಪ್ರಸಾರ ಕೇಂದ್ರದ ಕೋಣೆಯಲ್ಲಿ, ಧೂಳಿನ ನಡುವೆ ಡಬ್ಬಿಗಳಿದ್ದವು. ಆದರೆ ಅಲ್ಲಿಯೂ ಒಂದು ಕಹಿ ಉಳಿಯಿತು. ಮೊದಲು ನೋಡಿದಾಗ ಇದ್ದ ಒಂದು ಕಂತು, ಸಾಗಿಸುವ ಹೊತ್ತಿಗೆ ಕಾಣೆಯಾಗಿತ್ತೆಂದು ಆತ ಹೇಳಿದ್ದಾನೆ. ಸಿಕ್ಕಿತು ಎಂದ ಮೇಲೆಯೂ ಕೈಗೆ ಬರುವ ತನಕ ಸಿಕ್ಕ ಹಾಗಲ್ಲ. ಅಷ್ಟೆಲ್ಲ ಆಗಿಯೂ 2013ರಲ್ಲಿ ಇನ್ನೂ 97 ಕಂತುಗಳು ಬಾಕಿ ಉಳಿದಿದ್ದವು.

ಆ 97ಕ್ಕೂ ದನಿ ಮಾತ್ರ ಉಳಿದಿದೆ ಎಂದು ಓದಿದಾಗ ನನ್ನ ಕಿವಿ ನಿಮಿರಿತು. ಅದು ಹೇಗೆ ಉಳಿಯಿತೆಂದರೆ, ಆಗಿನ ಹುಡುಗರು ವಾರವಾರವೂ ಟೇಪ್‌ರೆಕಾರ್ಡರ್ ಹಿಡಿದು ಟಿವಿಯ ಮುಂದೆ ಕೂತು ಧ್ವನಿಮುದ್ರಣ ಮಾಡಿಕೊಂಡಿದ್ದರು. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕ ಟಿವಿಯ ಪರದೆಗೇ ಕ್ಯಾಮೆರಾ ಹಿಡಿದು ಪುಟ್ಟಪುಟ್ಟ ಚಿತ್ರ ತೆಗೆದು ನಟರಿಗೆ, ನಿರ್ದೇಶಕರಿಗೆ ಮಾರುತ್ತಿದ್ದ. ಆ ದನಿ, ಈ ಚಿತ್ರ ಎರಡನ್ನೂ ಕೂಡಿಸಿ ಕಥೆಯನ್ನು ಮತ್ತೆ ಕಟ್ಟಿದವರಿದ್ದಾರೆ. 2006ರಲ್ಲಿ ಎರಡು ಕಂತುಗಳಿಗೆ ಹೊಸದಾಗಿ ಕಾರ್ಟೂನ್ ಬರೆದು, ಹಳೆಯ ದನಿ ಸೇರಿಸಿ ಬಿಡುಗಡೆ ಮಾಡಿದರು.

ಇದೆಲ್ಲ ಬರೀ ಗಂಡಸರ ಹುಚ್ಚು ಎನ್ನಬೇಡಿ. ಅಮೆರಿಕದ ಫಿಲಡೆಲ್ಫಿಯದಲ್ಲಿ ಮರಿಯನ್ ಸ್ಟೋಕ್ಸ್ ಎಂಬ ಹೆಂಗಸಿದ್ದಳು. ಒಂದು ಕಾಲದಲ್ಲಿ ಗ್ರಂಥಪಾಲಕಿಯಾಗಿದ್ದವಳು. 1970ರ ದಶಕದ ಕೊನೆಯಿಂದ 2012ರ ಡಿಸೆಂಬರಿನಲ್ಲಿ ಸಾಯುವ ತನಕ ಹಗಲೂ ರಾತ್ರಿ ಟಿವಿ ಸುದ್ದಿ ರೆಕಾರ್ಡ್ ಮಾಡಿದಳು. ಮನೆಯಲ್ಲಿ ಹಲವು ಯಂತ್ರಗಳು ಒಟ್ಟಿಗೆ ಓಡುತ್ತಿದ್ದವು. ಟೇಪು ಬದಲಾಯಿಸುವ ಹೊತ್ತಾಯಿತೆಂದು ಹೊರಗೆ ಊಟಕ್ಕೆ ಹೋದವರು ಅರ್ಧಕ್ಕೇ ಎದ್ದು ಓಡಿ ಬರುತ್ತಿದ್ದರಂತೆ. ಉಳಿದದ್ದು ಸುಮಾರು 70,000 ಟೇಪುಗಳು. ಆ ಮನೆಯವರ ಪಾಡು ಏನಾಗಿರಬೇಡ! ಟಿವಿ ಸಂಸ್ಥೆಗಳೇ ಉಳಿಸಿಕೊಳ್ಳದ ಸುದ್ದಿ ಇವಳಲ್ಲಿ ಉಳಿಯಿತು. ಮಗ ಅದನ್ನೆಲ್ಲ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಗೆ ಕೊಟ್ಟ.

ಅದೇ ದೇಶದಲ್ಲಿ 1967ರ ಮೊದಲ ಸೂಪರ್ ಬೌಲ್ ಪಂದ್ಯದ ಟೇಪುಗಳನ್ನು ಪ್ರಸಾರ ಮಾಡಿದ ಎರಡು ಕಂಪನಿಗಳೂ ಉಳಿಸಿಕೊಳ್ಳಲಿಲ್ಲ. ಒಬ್ಬ ತಾನು ಕೆಲಸ ಮಾಡುವ ಕಡೆಯ ಯಂತ್ರದಲ್ಲಿ ಅದನ್ನು ರೆಕಾರ್ಡ್ ಮಾಡಿದ್ದ. ಕಾಯಿಲೆ ಬಿದ್ದಾಗ, ಮುಂದೆ ಮಕ್ಕಳ ಓದಿಗೆ ಆಗಬಹುದು ಎಂದು ಟೇಪಿನ ವಿಷಯ ಹೆಂಡತಿಗೆ ತಿಳಿಸಿ ಹೋದ. ಆ ತಾಯಿ ಅದನ್ನು ಅಟ್ಟದಲ್ಲಿಟ್ಟಿದ್ದಳು. ಮಗನಿಗೆ ಸಿಕ್ಕಿದ್ದು 2005ರಲ್ಲಿ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ದೃಶ್ಯದ ಮೂಲ ಟೇಪುಗಳನ್ನೇ ನಾಸಾದವರು ಒರೆಸಿ ಮತ್ತೆ ಉಪಯೋಗಿಸಿರಬೇಕೆಂದು 2009ರಲ್ಲಿ ಒಪ್ಪಿಕೊಂಡರು. ಅದನ್ನು ಓದಿದ ದಿನ ನಾನು ಅಣ್ಣನನ್ನು ಅರ್ಧ ಕ್ಷಮಿಸಿದೆ.

ಉಳಿದರ್ಧ ಕ್ಷಮಿಸಲು ಹಾಡು ಸಿಗಬೇಕಾಗಿತ್ತು. ಹುಡುಕಲು ಹೊರಟೆ. ಮೊದಲು ಮಾಡಿದ್ದು ಸಾರುವ ದಾರಿ. ನೆಂಟರಿಷ್ಟರಿಗೆಲ್ಲ ಫೋನು ಮಾಡಿ, ‘ಅಮ್ಮ ಟಿವಿಯಲ್ಲಿ ಹಾಡಿದ ಕ್ಯಾಸೆಟ್ ನಿಮ್ಮಲ್ಲಿದೆಯಾ?’ ಎಂದು ಕೇಳಿದೆ. ಎಲ್ಲರದೂ ಒಂದೇ ಉತ್ತರ, ‘ಇಲ್ಲಮ್ಮ, ನಮ್ಮಲ್ಲಿ ಎಲ್ಲಿಂದ ಬರಬೇಕು?’ ವಕೀಲರ ಮನೆ ಮಾರಿ ಎಷ್ಟೋ ವರ್ಷವಾಗಿತ್ತು. ಅವರ ಮಗಳನ್ನು ಪತ್ತೆ ಮಾಡಿದೆ. ಕ್ಯಾಸೆಟ್ಟುಗಳನ್ನೆಲ್ಲ ಹಳೆ ಪಾತ್ರೆಯವನಿಗೆ ಕೊಟ್ಟು ಒಂದು ಪ್ಲಾಸ್ಟಿಕ್ ಬಕೆಟ್ ತೆಗೆದುಕೊಂಡೆವು ಅಕ್ಕಾ ಎಂದು ಆಕೆ ಸಂಕೋಚದಿಂದ ಹೇಳಿದಳು. ನಾನು ಬೈಯಲಿಲ್ಲ. ನಾನೂ ಎಷ್ಟು ಬಕೆಟ್ ತೆಗೆದುಕೊಂಡಿಲ್ಲ!

ಆಮೇಲೆ ಸ್ಯೂ ಮಾಲ್ಡೆನ್ ಮಾಡಿದಂತೆ ನಾನೂ ಪಟ್ಟಿ ಮಾಡಿದೆ. ಹಾಡಿದ ನಾಲ್ವರು ಯಾರು, ಅವರವರ ಮಕ್ಕಳು ಯಾವ ಊರಲ್ಲಿದ್ದಾರೆ, ಆ ದಿನ ಯಾರು ಯಾರ ಮನೆಯಲ್ಲಿ ಕೂತು ನೋಡಿದರು. ನಾಲ್ವರಲ್ಲಿ ಒಬ್ಬರು ಮಾತ್ರ ಉಳಿದಿದ್ದರು. ತಿಪಟೂರಿನಲ್ಲಿ ಮಗನ ಮನೆಯಲ್ಲಿದ್ದರು, ಎಂಬತ್ತು ದಾಟಿತ್ತು. ಫೋನಿನಲ್ಲಿ ಅವರ ಸೊಸೆ ‘ಇಲ್ಲ’ ಎಂದಾಗಿತ್ತು. ಆದರೂ 2014ರ ಸಂಕ್ರಾಂತಿಗೆ ಎಳ್ಳು ಕೊಡುವ ನೆಪದಲ್ಲಿ ಹೋದೆ.

ಕ್ಯಾಸೆಟ್ಟಿನ ಮಾತೆತ್ತಲಿಲ್ಲ. ‘ಅತ್ತೆ, ಆ ದಿನ ನಿಮ್ಮ ಮನೇಲಿ ಏನು ಮಾಡ್ತಿದ್ರಿ?’ ಎಂದು ಕೇಳಿದೆ. ಅವರು ನಕ್ಕರು. ‘ಅಯ್ಯೋ, ಅದೇನು ಕೇಳ್ತೀಯೆ. ನಮ್ಮನೆಯವರು ಟಿವಿ ಮುಂದೆ ಟೇಪ್‌ರೆಕಾರ್ಡರ್ ಇಟ್ಕೊಂಡು ಕೂತ್ಬಿಟ್ಟಿದ್ರು. ಯಾರೂ ಉಸಿರೆತ್ತೋ ಹಾಗಿಲ್ಲ. ನಾನು ಕುಕ್ಕರ್ ಇಟ್ಟಿದ್ದೆ, ಅದು ಕೂಗಿದ್ದಕ್ಕೆ ಮೂರು ದಿನ ನನ್ನ ಹತ್ರ ಮಾತು ಬಿಟ್ಟಿದ್ರು.’

ನಾನೂ ಅವರ ಸೊಸೆಯೂ ಮುಖ ಮುಖ ನೋಡಿಕೊಂಡೆವು. ಅವಳು ಇಲ್ಲವೆಂದದ್ದು ಸುಳ್ಳಲ್ಲ. ನಾನು ಕೇಳಿದ್ದು ವಿಡಿಯೋ. ಅದು ಅವರಲ್ಲಿರಲಿಲ್ಲ. ಯಜಮಾನರ ಹಳೆಯ ಟ್ರಂಕಿನಲ್ಲಿ ಹಾಡಿನ ಕ್ಯಾಸೆಟ್ಟುಗಳಿದ್ದವು, ಮೂವತ್ತೋ ನಲವತ್ತೋ. ಒಂದರ ಮೇಲೂ ಅಮ್ಮನ ಹೆಸರಿಲ್ಲ. ಸೊಸೆ ಒಂದು ಟೇಪ್‌ರೆಕಾರ್ಡರ್ ಹುಡುಕಿ ತಂದಳು. ಸಂಜೆಯ ತನಕ ಕೂತು ಒಂದೊಂದಾಗಿ ಹಾಕಿದೆವು. ‘ಭಕ್ತಿಗೀತೆ’ ಎಂದು ಬರೆದಿದ್ದ ಕ್ಯಾಸೆಟ್ಟಿನ ಎರಡನೆಯ ಮಗ್ಗುಲಲ್ಲಿ, ಗೊರಗೊರ ಸದ್ದಿನ ಹಿಂದಿನಿಂದ ಹಸೆ ಹಾಡು ಬಂತು. ನಾಲ್ಕು ದನಿ. ಅದರಲ್ಲಿ ಒಂದು ಅಮ್ಮನದು.

ಹನ್ನೊಂದು ನಿಮಿಷವಿದೆ. ಬೀಗರ ಹಾಡಿನ ಮಧ್ಯೆ ಟೇಪು ಮುಗಿದುಹೋಗುತ್ತದೆ. ಚಿತ್ರವಿಲ್ಲ. ಅಮ್ಮ ಉಟ್ಟಿದ್ದ ಅರಿಶಿನ ಬಣ್ಣದ ಸೀರೆ ಇನ್ನು ಯಾರಿಗೂ ಕಾಣುವುದಿಲ್ಲ. ಕುಕ್ಕರ್ ಎರಡು ಸಲ ಕೂಗುತ್ತದೆ. ಅತ್ತೆಯವರು ಅದನ್ನು ಕೇಳಿ, ‘ನೋಡು, ಅವತ್ತಿನ ಅನ್ನ’ ಎಂದು ಕಣ್ಣೊರೆಸಿಕೊಂಡರು. ಮೂರು ದಿನ ಮಾತು ಬಿಟ್ಟಿದ್ದ ಅವರ ಯಜಮಾನರೂ ಹೋಗಿ ಆಗಲೇ ಹತ್ತು ವರ್ಷವಾಗಿತ್ತು.

ಓದುವ ಅಕ್ಕ ತಂಗಿಯರೇ, ದೀಪಾವಳಿಗೆ ಮುಂಚೆ ಅಟ್ಟ ಗುಡಿಸುವವರು ನಾವೇ ಅಲ್ಲವೇ? ಯಾವುದು ಇರಬೇಕು, ಯಾವುದು ಹಳೆ ಪಾತ್ರೆಯವನಿಗೆ ಹೋಗಬೇಕು ಎಂದು ತೀರ್ಮಾನಿಸುವವರೂ ನಾವೇ. ಅಮ್ಮನ ಕ್ಯಾಸೆಟ್ಟಿನ ಮೇಲೆ ಹಾಡೆಂದು ಬರೆದಿತ್ತು, ಒಳಗೆ ಕ್ರಿಕೆಟ್ಟು. ಭಕ್ತಿಗೀತೆ ಎಂದು ಬರೆದದ್ದರಲ್ಲಿ ಅಮ್ಮ ಇದ್ದಳು. ಆದ್ದರಿಂದ ಮೇಲೆ ಬರೆದದ್ದನ್ನು ನಂಬಬೇಡಿ, ಹಾಕಿ ಕೇಳಿ. ಬೂಸಲು ಹಿಡಿದಿದ್ದರೆ ನೀವೇ ಹಾಕಿ ನೋಡಬೇಡಿ, ಟೇಪು ಹರಿದೀತು. ಬಲ್ಲವರ ಕೈಲಿ ಸ್ವಚ್ಛ ಮಾಡಿಸಿ, ಕಂಪ್ಯೂಟರಿಗೆ ಹಾಕಿಸಿಕೊಳ್ಳಿ. ಉಳಿಸುವಂಥದ್ದಿದ್ದರೆ ಆ ಪುಟ್ಟ ಹಲ್ಲನ್ನು ಮುರಿದುಬಿಡಿ. ಮನೆಯಲ್ಲಿ ಹಿರಿಯರಿದ್ದರೆ, ‘ಇದೆಯಾ?’ ಎಂದು ಕೇಳಿ ಸುಮ್ಮನಾಗಬೇಡಿ. ಆ ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿ, ಪಕ್ಕದಲ್ಲಿ ಕೂತುಕೊಳ್ಳಿ.

ಆ ಹನ್ನೊಂದು ನಿಮಿಷವನ್ನು ಅಣ್ಣನ ಫೋನಿಗೂ ಕಳಿಸಿದೆ. ಎರಡು ದಿನ ಉತ್ತರವೇ ಇಲ್ಲ. ಮೂರನೆಯ ದಿನ ರಾತ್ರಿ ಫೋನು ಮಾಡಿದ. ಅದೂ ಇದೂ ಮಾತಾಡಿ, ಇಡುವ ಮುಂಚೆ ಕೇಳಿದ. ‘ಎರಡನೇ ಸಲ ಕುಕ್ಕರ್ ಕೂಗಿದ ಮೇಲೆ ಒಂದು ಸಾಲು ಅಮ್ಮ ಒಬ್ಬಳೇ ಹಾಡ್ತಾಳೆ, ಗಮನಿಸಿದ್ಯಾ?’

ಗಮನಿಸಿರಲಿಲ್ಲ. ಫೋನಿಟ್ಟು ಮತ್ತೆ ಹಾಕಿ ಕೇಳಿದೆ. ಅವನು ಹೇಳಿದ್ದು ನಿಜ.